ನೀಲಿ ಪಟ್ಟಿಯವರ ಪಿತೂರಿ

ಡೆಕ್ಲನ್ ತೀರಿಕೊಂಡ ಸುದ್ದಿ ಬಂದ ಸಂಜೆ ಅವನ ಗೆಳೆಯರು ಈಸ್ಟ್ ಹ್ಯಾಮಿನ ನಮ್ಮ ಫ್ಲಾಟಿಗೆ ಬಂದು ಮೊದಲು ಮಾಡಿದ ಕೆಲಸ ಕಿಟಕಿಯ ಪರದೆ ಎಳೆದದ್ದು. ನನ್ನ ಮಗಳು ಕ್ರಿಸ್ಟಲ್ ಗೋಡೆಗೆ ಒರಗಿ ಕುಳಿತಿದ್ದಳು. ಅವಳ ಗಂಡ ಡೆಕ್ಲನ್ ಹೋಗಿಬಿಟ್ಟಿದ್ದ. ಇವರಿಗೆ ಬೀದಿಯಲ್ಲಿ ನಿಂತ ಕಾರು ಯಾರದ್ದೆಂಬ ಚಿಂತೆ.

ನನ್ನ ಅಳಿಯ ಐರ್ಲೆಂಡಿನವನು. ೨೦೧೧ರ ಚುನಾವಣೆಗೆ ಊರಿಗೆ ಹೋಗಿ ಪಕ್ಷದ ಟಿಕೆಟ್ ಕೇಳಿದ. ಸಿಗಲಿಲ್ಲ. ಅಲ್ಲಿನ ಮಂತ್ರಿಗಳನ್ನೆಲ್ಲ ಒಂದು ಗುಪ್ತ ಸಂಘ ಕುಣಿಸುತ್ತಿದೆ ಎಂದು ಅವನೂ ಗೆಳೆಯ ಫರ್ಗಲನೂ ಪಬ್ಬಿನಲ್ಲಿ ಕುಳಿತು ಕಂಡುಹಿಡಿದರು. ಇರಬಹುದು, ಅಧಿಕಾರ ಇರುವಲ್ಲಿ ಬಾಗಿಲು ಮುಚ್ಚಿ ಮಾತಾಡುವವರು ಇದ್ದೇ ಇರುತ್ತಾರೆ. ಆದರೆ ಇವರು ಒಬ್ಬನನ್ನೂ ಹಿಡಿಯಲಿಲ್ಲ. ಮಂತ್ರಿ ಎಡಗೈಯಲ್ಲಿ ಚಹಾ ಕುಡಿದರೆ ಇವರಿಗೆ ಅದೂ ಒಂದು ಸನ್ನೆ.

"ಹೃದಯ ನಿಂತಿತಂತೆ," ಎಂದೆ, ಪರದೆ ಎಳೆದು ಕುಳಿತವರಿಗೆ.

"ತಾನಾಗಿಯೇ?" ಎಂದ ಫರ್ಗಲ್.

ಕ್ರಿಸ್ಟಲ್ ಕೇಳಿದ್ದು ಇಷ್ಟೇ: ಡೆಕ್ಲನ್‌ನನ್ನು ಅವನ ಮೂವರು ಗೆಳೆಯರೂ ನಾನೂ ನನ್ನ ಇಬ್ಬರು ಸ್ನೇಹಿತರೂ ಕೂಡಿ ಹೊತ್ತು ಇಗರ್ಜಿಗೆ ಒಯ್ಯಬೇಕು.

ಅಂತ್ಯಕ್ರಿಯೆಯ ದಿನ ನನ್ನ ಸ್ನೇಹಿತರಾದ ಡೊನಾಲ್ಡ್, ವಿಲ್ಸನ್ ಮತ್ತು ನಾನು ಕೊರಳಿಗೆ ಪದಕವಿರುವ ನೀಲಿ ಪಟ್ಟಿ ಹಾಕಿಕೊಂಡೆವು. ನಮ್ಮ ಊರಿನ ಇಗರ್ಜಿಯಲ್ಲಿ ಭಕ್ತಸಂಘದವರು ಸತ್ತವರನ್ನು ಹೊರುವಾಗ ಹಾಗೆ ಹಾಕಿಕೊಳ್ಳುವುದು ಪದ್ಧತಿ. ನಮ್ಮನ್ನು ಕಂಡು ಫರ್ಗಲ್‌ನ ಮುಖ ಬಿಳುಚಿತು.

"ನೀವೂ ಆ ಸಂಘದವರೇ? ಯಾರ ಅಪ್ಪಣೆಯ ಮೇಲೆ ಬಂದಿರಿ?"

"ನ್ಯಾನ್ಸಿಯ ಅಪ್ಪಣೆ," ಎಂದ ಡೊನಾಲ್ಡ್. ನ್ಯಾನ್ಸಿ ಅವನ ಹೆಂಡತಿ. "ಇಸ್ತ್ರಿ ಮಾಡಿ ಕೊಟ್ಟದ್ದೂ ಅವಳೇ."

ಫರ್ಗಲ್ ನಗಲಿಲ್ಲ. ಪಟ್ಟಿ ತೆಗೆಯದಿದ್ದರೆ ತಾವು ಶವಪೆಟ್ಟಿಗೆ ಮುಟ್ಟುವುದಿಲ್ಲ ಎಂದ. ಅವನ ಸಂಗಡಿಗನೊಬ್ಬ ನಮ್ಮ ಕೊರಳಿನ ಫೋಟೋ ತೆಗೆದ. ಕರ್ತನ ತಾಯಿ ಮರಿಯಮ್ಮನವರ ಪದಕದಲ್ಲೂ ಪಿತೂರಿ!

"ತೆಗೆದುಬಿಡುವನಾ ಮಾರಾಯ? ಹೊರಲಿಕ್ಕೆ ಜನ ಸಾಲುವುದಿಲ್ಲ," ಎಂದು ವಿಲ್ಸನ್ ಪಿಸುಗುಟ್ಟಿದ.

ಮಗಳಿಗಾಗಿ ನಾನು ಕೊರಳಿಗೆ ಕೈ ಹಾಕಿದೆ.

"ಬೇಡ ಪಪ್ಪಾ," ಎಂದಳು ಕ್ರಿಸ್ಟಲ್. "ಇವತ್ತು ಪಟ್ಟಿ, ಆಮೇಲೆ ಶಿಲುಬೆ ತೆಗಿಲಿಕ್ಕೆ ಹೇಳ್ತಾರೆ." ಮತ್ತೆ ಫರ್ಗಲ್‌ನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಹೇಳಿದಳು: "ಇಷ್ಟು ವರ್ಷ ಅವನ ಹೆಗಲಿಗೆ ಜೋತುಬಿದ್ದಿರಿ. ಒಂದು ದಿನ ಹೆಗಲು ಕೊಡಲು ನಿಮಗೆ ಭಯ. ಹೋಗಿ."

ಹೋದರು. ಕಾರಿನ ಅಡಿಗೆ ಬಗ್ಗಿ ನೋಡಿಯೇ ಹತ್ತಿದರು, ಆ ಶೂರರು.

ಶವವಾಹನದ ಇಬ್ಬರು ನಮ್ಮ ಜೊತೆ ಸೇರಿದರು. ಉಳಿದ ಜಾಗದಲ್ಲಿ ಕ್ರಿಸ್ಟಲ್ ತಾನೇ ಹೆಗಲು ಕೊಟ್ಟಳು. ಅವಳ ಹಿಂದೆ ನಡೆಯುತ್ತ ನಾನು ಬೇಡಿದೆ: ಕರ್ತನೇ, ನೆರಳುಗಳ ಬೆನ್ನಟ್ಟಿ ದಣಿದ ಈ ನಿನ್ನ ಮಗ ಇನ್ನು ಯಾರನ್ನೂ ಸಂಶಯಿಸದೆ ನಿದ್ರಿಸಲಿ. ನಿನ್ನ ನಿತ್ಯ ಬೆಳಕಿನಲ್ಲಿ ಅವನಿಗೆ ಶಾಂತಿ ಕೊಡು. ಆಮೆನ್.