ಒಂದೇ ಕಿಟಕಿಗೆ ಎರಡು ಗಾಜು

ಪೆನ್ಸಿಲನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಅವಳು ಟೇಪನ್ನು ಕಿಟಕಿಯ ಚೌಕಟ್ಟಿಗೆ ಒತ್ತಿ ಹಿಡಿದಿದ್ದಳು. ಅಗಲ, ಉದ್ದ, ಆಮೇಲೆ ಆಳ. ಪರದೆ ಹೊಲಿಯುವವರಲ್ಲಿ ಆಳ ಅಳೆಯುವವರು ಕಡಿಮೆ. ಹಿಂದೊಮ್ಮೆ ಅದನ್ನು ನೋಡದೆ ಕತ್ತರಿಸಿದ ಬಟ್ಟೆ ಗಾಜಿಗೆ ಉಜ್ಜಿ ಉಜ್ಜಿ ಹಾಳಾಗಿ, ಗಿರಾಕಿಯಿಂದ ಚೆನ್ನಾಗಿ ಬೈಸಿಕೊಂಡ ಮೇಲೆ ಅವಳಿಗೆ ಈ ಅಭ್ಯಾಸ ಬಂದಿತ್ತು. ಇಪ್ಪತ್ತೆರಡು ವರ್ಷ ಕಂಡವರ ಕಿಟಕಿಗಳಿಗೆಲ್ಲ ಪರದೆ ಹೊಲಿದವಳು ಇವತ್ತು ಮೊದಲ ಸಲ ತನ್ನದಾಗಲಿರುವ ಕಿಟಕಿಯ ಮುಂದೆ ನಿಂತಿದ್ದಳು.

ಶುಕ್ರವಾರ ನೋಂದಣಿ ಕಚೇರಿಯಲ್ಲಿ ಸಹಿ. ಮನೆ ಗಂಡಹೆಂಡತಿ ಇಬ್ಬರ ಹೆಸರಿಗೆ. ಹಿಂಬದಿಯ ಈ ಮೂರು ಕಿಟಕಿಯ ಕೋಣೆ ಅವಳ ಹೊಲಿಗೆ ಯಂತ್ರಕ್ಕೆ. ಇಷ್ಟು ವರ್ಷ ಅಡುಗೆಮನೆಯ ಮೂಲೆಯಲ್ಲಿ, ಬಟ್ಟೆಗೆ ಎಣ್ಣೆ ಸಿಡಿಯದ ಹಾಗೆ ಹೊದಿಕೆ ಮುಚ್ಚಿ ಮುಚ್ಚಿ ಹೊಲಿದಿದ್ದಳು. ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆ, ಅಷ್ಟೇ ಅವಳು ಬೇಡಿದ್ದು.

ಮೊದಲೆರಡು ಕಿಟಕಿಗಳ ಆಳ ಐದೈದು ಇಂಚು. ಮೂರನೆಯದು ಎರಡೂವರೆ. ಮತ್ತೆ ಅಳೆದಳು. ಉಗುರಿನಿಂದ ಗಾಜನ್ನು ತಟ್ಟಿದಳು. ಸದ್ದು ದಪ್ಪಗೆ ಬಂತು. ಗಾಜಿನ ಹಿಂದೆ ಇನ್ನೊಂದು ಗಾಜು. ಅಂಚಿನಲ್ಲಿ ಬೂದು ಬಣ್ಣದ ರಬ್ಬರ್ ಪಟ್ಟಿ, ಇನ್ನೂ ಹೊಸ ವಾಸನೆ ಹೋಗಿರಲಿಲ್ಲ.

ಮನೆ ಮಾರುತ್ತಿದ್ದ ಮೇಷ್ಟ್ರ ಹೆಂಡತಿ ಟೀ ತಂದರು.

"ಅಕ್ಕ, ಇದೊಂದಕ್ಕೆ ಮಾತ್ರ ಎರಡು ಗಾಜು ಹಾಕ್ಸಿದೀರಲ್ಲ?"

"ಅದಾ? ಧೂಳು ಕಣಮ್ಮ. ಹಿಂದೆ ಬಯಲಲ್ವಾ."

"ಚಳಿಗೆ ಹಾಕ್ಸಿದ್ದು," ಎಂದರು ಅದೇ ಹೊತ್ತಿಗೆ ಬಾಗಿಲಲ್ಲಿ ನಿಂತಿದ್ದ ಮೇಷ್ಟ್ರು. "ಇವಳಿಗೆ ಮಂಡಿನೋವು."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅವಳ ಕಣ್ಣಿಗೆ ಬಿದ್ದದ್ದು ಅದೇ. ಇಷ್ಟು ಕಾಲ ಸಂಸಾರ ಮಾಡಿದವರು ಮಾತು ತಾಳೆಯಾಗದಿದ್ದರೆ ಜಗಳಕ್ಕಾದರೂ ತಿರುಗುತ್ತಾರೆ.

"ಹಿಂದಿನ ಬಯಲಲ್ಲಿ ಏನಾದ್ರೂ ಬರೋದಿದೆಯಾ ಮೇಷ್ಟ್ರೇ?"

"ನಾವು ಬಂದಾಗಿಂದ ಖಾಲಿನೇ ಇದೆ."

ಅವಳು ಕೇಳಿದ್ದು ಮುಂದಿನದು. ಅವರು ಹೇಳಿದ್ದು ಹಿಂದಿನದು. ಇನ್ನೊಮ್ಮೆ ಕೇಳಬೇಕು ಅನ್ನುವಷ್ಟರಲ್ಲಿ ಹಜಾರದಿಂದ ಅವಳ ಗಂಡ ಎದ್ದು ಬಂದ.

"ಶುರುವಾಯ್ತು ನೋಡಿ ಮೇಷ್ಟ್ರೇ! ಹನ್ನೊಂದು ಮನೆ ತೋರಿಸ್ದೆ, ಹನ್ನೊಂದಕ್ಕೂ ಕೊಂಕು ತೆಗೆದಳು. ಒಂದರಲ್ಲಿ ಮೆಟ್ಟಿಲು ಕಿರಿದಂತೆ, ಇನ್ನೊಂದರಲ್ಲಿ ಪಕ್ಕದ ಮನೆಯವರು ಕೆಮ್ತಾರಂತೆ. ಅರಮನೆ ಕೊಡ್ಸಿದ್ರೂ ಕಂಬ ಎಣಿಸಿ, ಒಂದು ಕಮ್ಮಿ ಇದೆ ಅಂತಾಳೆ ಇವಳು."

ಎಲ್ಲರೂ ನಕ್ಕರು. ಅವಳೂ ನಕ್ಕಳು. ಮನಸ್ಸಿನಲ್ಲಿ ಮಾತ್ರ ಏನೋ ಕೊರೆಯುತ್ತಲೇ ಇತ್ತು.

ಮನೆಗೆ ನಡೆಯುವಾಗ ಕೇಳಿದಳು: "ಅಲ್ಲಾ ರೀ, ಧೂಳೋ ಚಳಿಯೋ, ಹಾಕ್ಸೋರು ಮೂರಕ್ಕೂ ಹಾಕ್ಸಬೇಕಿತ್ತಲ್ಲ. ಒಂದಕ್ಕೇ ನಿಲ್ಲಿಸಿದ್ದು ಯಾಕೆ?"

"ಮೇಷ್ಟ್ರು ಜಿಪುಣ. ಸಾಕಾ? ಊರಿಗೆಲ್ಲ ಅಕ್ಷರ ಕಲಿಸಿದ ಮನುಷ್ಯನ ಮೇಲೂ ಅನುಮಾನನಾ ನಿಂಗೆ?"

ಮರುದಿನ ಬೆಳಿಗ್ಗೆ, ಗುಂಡಿ ತರುತ್ತೇನೆಂದು ಹೇಳಿ ಅವಳು ಗಾಜಿನ ಅಂಗಡಿಗೆ ಹೋದಳು. ಆ ಬೂದು ಪಟ್ಟಿ ಕೂರಿಸುವವನು ಊರಿಗೆಲ್ಲ ಅವನೊಬ್ಬನೇ. ಹೊಸ ಮನೆಗಳಿಗೆ ಅವನು ಗಾಜು ಹಾಕಿ ಹೊರಟ ಮೇಲೆಯೇ ಅವಳು ಪರದೆಗೆ ಹೋಗುವುದು. ಹಾಗಾಗಿ ವರ್ಷಗಳ ಪರಿಚಯ.

"ಮೇಷ್ಟ್ರ ಮನೇದಾ? ನಾನೇ ಅಕ್ಕ ಹಾಕಿದ್ದು," ಎಂದ ಅವನು, ಗಾಜಿನ ಮೇಲೆ ಗೆರೆ ಎಳೆಯುತ್ತಲೇ. "ಮೂರಕ್ಕೂ ಹೇಳಿದ್ರು. ಒಂದು ಕೂರಿಸಿದ ಮೇಲೆ ಏನ್ಮಾಡಿದ್ರು ಗೊತ್ತಾ? ನನ್ನ ಟೆಂಪೋನ ಬಯಲಿಗೆ ಕಳಿಸಿ, ಹಾರ್ನ್ ಹೊಡಿ ಅಂದ್ರು. ತಾವು ಕೋಣೇಲಿ ಆ ಗಾಜಿಗೇ ಕಿವಿ ಹಚ್ಚಿ, ಪರೀಕ್ಷೆ ನಡೆಸೋ ಹಾಗೆ ನಿಂತ್ಕೊಂಡ್ರು. ಹೊಡೆದೆ ಹೊಡೆದೆ, ನಾಯಿಗಳೆಲ್ಲ ಓಡಿಹೋದ್ವು. ಆಮೇಲೆ ಹೊರಗೆ ಬಂದು, ಬಿಡಪ್ಪ, ಎಲ್ಲಾ ಕೇಳಿಸ್ತು, ಉಳಿದ ಎರಡು ಬೇಡ, ಮನೇನೇ ಮಾರ್ಬಿಡ್ತೀನಿ ಅಂದ್ರು."

"ಹಾರ್ನ್ ಯಾಕೆ?"

"ಇನ್ಯಾಕೆ? ಹಿಂದೆ ಲಾರಿ ನಿಲ್ದಾಣ ಬರುತ್ತಲ್ಲ. ಅವರಿಗೆ ನೋಟಿಸೂ ಬಂದಿತ್ತು, ನನ್ನ ಮುಂದೇನೇ ಓದಿದ್ರು."

ಅವಳಿಗೆ ಒಂದು ಗಳಿಗೆ ಸಂತೋಷವೇ ಆಯಿತು. ತನ್ನ ಅನುಮಾನ ನಿಜವಾಗಿತ್ತು. ಮನೆಗೆ ಹೋದವಳೇ ಗಂಡನಿಗೆ ಏನು ಹೇಳಬೇಕು, ಎಷ್ಟು ಮೆಲ್ಲಗೆ ಹೇಳಬೇಕು ಎಂದು ಮಾತು ಜೋಡಿಸಿಕೊಳ್ಳತೊಡಗಿದ್ದಳು.

"ಇದೇನಕ್ಕ ಹೊಸದಾಗಿ ಕೇಳ್ತಿದೀಯ?" ಗಾಜಿನವನು ತಲೆಯೆತ್ತಿದ. "ಭಾವನೋರು ಹೋದ ತಿಂಗಳೇ ಬಂದಿದ್ರಲ್ಲ. ಇದೇ ಕತೆ ನನ್ನ ಕೈಲಿ ಎರಡು ಸಲ ಹೇಳಿಸಿದ್ರು. ಉಳಿದ ಎರಡಕ್ಕೂ ಇನ್ನೂ ದಪ್ಪದ್ದು ಹಾಕು, ಆದ್ರೆ ಸಹಿ ಆದ್ಮೇಲೆ ಬಾ ಅಂದ್ರು. ನಿಂಗೆ ಹೇಳಿಲ್ವಾ?"

"ಹೇಳಿದ್ರು," ಎಂದಳು. "ಅಳತೆ ಸರಿಯಾಗಿ ತಗೊಂಡಿದೀಯಾ ಅಂತ ಕೇಳೋಕೆ ಬಂದೆ."

ದಾರಿಯುದ್ದಕ್ಕೂ ಅವಳ ತಲೆಯಲ್ಲಿ ಮೇಷ್ಟ್ರು ಇರಲೇ ಇಲ್ಲ. ಅವರು ತಮ್ಮ ತಲೆನೋವನ್ನು ಇನ್ನೊಬ್ಬರ ತಲೆಗೆ ಕಟ್ಟಿ ಪಾರಾಗಲು ನೋಡಿದವರು, ಪರರು. ಆದರೆ ಗಂಡ? ಹನ್ನೊಂದು ಮನೆ ಸುತ್ತಿ ಬೇಸತ್ತಿದ್ದ, ಅದು ಅವಳಿಗೂ ಗೊತ್ತು. ಹೋಗ್ತಾ ಹೋಗ್ತಾ ಅಭ್ಯಾಸವಾಗುತ್ತೆ ಅಂದುಕೊಂಡಿರಬಹುದು. ಹಗಲೆಲ್ಲ ಅವನು ಕೆಲಸದ ಮೇಲೆ ಹೊರಗೆ; ರಾತ್ರಿ ಹಾಸಿಗೆಗೆ ಬಿದ್ದರೆ ಕೊರಡು. ಲಾರಿಗಳ ಜೊತೆ ಆ ಕೋಣೆಯಲ್ಲಿ ಬಾಳಬೇಕಾದವಳು ಅವಳೊಬ್ಬಳೇ. ನಿನ್ನೆ ಅವನು ನಗಿಸಿದ್ದೂ ಈಗ ಬೇರೆಯಾಗಿ ಕೇಳಿಸಿತು. ಮೇಷ್ಟ್ರು ತಡವರಿಸುವ ಮೊದಲೇ ಎದ್ದು ಬಂದಿದ್ದನಲ್ಲ. ಹಾಗಾದರೆ ಇಷ್ಟು ವರ್ಷ ಅವನು ನಗಿಸಿ ಮುಚ್ಚಿಹಾಕಿದ ಮಾತುಗಳು ಇನ್ನೆಷ್ಟೋ.

ರಾತ್ರಿ ಊಟಕ್ಕೆ ಕುಳಿತ ಗಂಡ ಕೇಳಿದ: "ಗುಂಡಿ ಸಿಕ್ತಾ?"

"ಬಣ್ಣ ಹೊಂದ್ಲಿಲ್ಲ."

"ಶುಕ್ರವಾರ ಹತ್ತಕ್ಕೆಲ್ಲ ಹೊರಡ್ಬೇಕು. ಕೊನೇ ಗಳಿಗೇಲಿ ಏನಾದ್ರೂ ತಗಾದೆ ತೆಗೀಬೇಡ ಮಾರಾಯ್ತಿ."

"ನೀವು ಹೊರಡೋದಕ್ಕೆ ಮೊದಲೇ ರೆಡಿ ಇರ್ತೀನಿ," ಎಂದು ಅವಳು ಇನ್ನೊಂದು ಸೌಟು ಬಡಿಸಿದಳು. ಅವನ ಮುಖ ಹಗುರಾಯಿತು.

ಶುಕ್ರವಾರ ನೋಂದಣಿ ಕಚೇರಿಗೆ ಹೋಗಲೇಬೇಕು ಎಂದು ಅವಳು ತೀರ್ಮಾನಿಸಿದ್ದು ಆಗಲೇ. ಹೋಗಿ, ಅಧಿಕಾರಿಯ ಎದುರು ಕುಳಿತು, ಹಿಂದಿನ ಬಯಲಿನ ಬಗ್ಗೆ ತಮಗೆ ಯಾವ ನೋಟಿಸೂ ಬಂದಿಲ್ಲ ಎಂದು ಕ್ರಯಪತ್ರದಲ್ಲಿ ಒಂದು ಸಾಲು ಸೇರಿಸಿ ಎಂದು ಮೇಷ್ಟ್ರನ್ನು ಕೇಳುವುದು. ಆಗ ಅವಳು ಮೇಷ್ಟ್ರ ಕಡೆ ನೋಡುವುದಿಲ್ಲ, ಗಂಡನ ಮುಖ ನೋಡುತ್ತಾಳೆ. ಗಂಡ ನಿಜ ಬಾಯಿಬಿಟ್ಟರೆ ಮನೆಯ ಮಾತನ್ನು ಮತ್ತೆ ಕುಳಿತು ಆಡಬಹುದು. ನಕ್ಕು ಆ ಸಾಲನ್ನು ತಡೆದನೋ, ಅವಳ ಸಹಿ ಇಲ್ಲ.