ಪಟ್ಟಿಯಕ್ಕ ಮತ್ತು ಮಾತಾಡುವ ಚದುರಂಗ

ಕಾಲೇಜಿನ ಕಂಪ್ಯೂಟರ್ ಕೋಣೆಯಲ್ಲಿ ಕೆಲಸಕ್ಕಿದ್ದ ಆಕೆಯನ್ನು ಹೆತ್ತವರಿಟ್ಟ ಹೆಸರಿನಿಂದ ಕರೆಯುವವರೇ ಕಡಿಮೆ. ಕಂಡವರಿಗೂ ಕಾಣದವರಿಗೂ ಆಕೆ ಪಟ್ಟಿಯಕ್ಕ. ಬೇಕಾದ್ದನ್ನು ಗುಂಡಿ ಒತ್ತಿ ಹುಡುಕುವ ಸೌಕರ್ಯ ಇನ್ನೂ ಇಲ್ಲದ ಕಾಲ ಅದು. ಕಂಪ್ಯೂಟರ್ ಜಾಲದ ಚರ್ಚಾಗುಂಪಿಗೆ ಒಂದು ಕಾಗದ ಹಾಕಿದರೆ ಅದು ಯಂತ್ರದಿಂದ ಯಂತ್ರಕ್ಕೆ ದಾಟಿ ಎರಡು ದಿನದಲ್ಲಿ ಲೋಕ ಸುತ್ತುತ್ತಿತ್ತು. ಕೆಲವು ಯಂತ್ರಗಳಲ್ಲಿ ಸಾರ್ವಜನಿಕರಿಗೆಂದೇ ಒಂದು ಬಾಗಿಲು ತೆರೆದಿರುತ್ತಿತ್ತು. ಅತಿಥಿ ಎಂದು ಹೇಳಿಕೊಂಡು ಯಾರು ಬೇಕಾದರೂ ಒಳಹೊಕ್ಕು ಅಲ್ಲಿದ್ದ ಫೈಲುಗಳನ್ನು ಇಳಿಸಿಕೊಳ್ಳಬಹುದಿತ್ತು. ಆದರೆ ಯಾವ ಬಾಗಿಲು ಎಲ್ಲಿದೆ, ಒಳಗೇನಿದೆ ಎಂಬುದು ದೇವರಿಗೇ ಗೊತ್ತು.

ದೇವರನ್ನು ಬಿಟ್ಟರೆ ಪಟ್ಟಿಯಕ್ಕನಿಗೆ ಗೊತ್ತು. ಗುಂಪುಗಳಲ್ಲಿ ಯಾರೋ ಮಾತಿನ ಮಧ್ಯೆ ಉದುರಿಸಿದ ವಿಳಾಸ ಹಿಡಿದು ಹೋಗಿ ತಟ್ಟುವಳು, ಒಳಗೆ ಕಣ್ಣಾಡಿಸುವಳು, ಏನಿದೆ ಎಂದು ಒಂದೇ ಸಾಲಿನಲ್ಲಿ ಬರೆದುಕೊಳ್ಳುವಳು. ತಿಂಗಳ ಮೊದಲ ದಿನ ಪಟ್ಟಿ ಗುಂಪಿಗೆ ಬೀಳುತ್ತಿತ್ತು. ಏಳುನೂರು ಬಾಗಿಲುಗಳಾಗಿದ್ದವು. ಸೇರಿಸುವ ಮೊದಲು ಯಂತ್ರ ನೋಡಿಕೊಳ್ಳುವವರಿಗೆ ಒಂದು ಕಾಗದ ಕಳಿಸುವುದು ಆಕೆಯ ಪದ್ಧತಿ: ‘ಹದಿನೈದು ದಿನದೊಳಗೆ ಬೇಡ ಎನ್ನದಿದ್ದರೆ ಒಪ್ಪಿಗೆಯೆಂದು ತಿಳಿಯುತ್ತೇನೆ.’ ಹೌದು ಎಂದು ಬರೆಯಲು ಯಾರಿಗೆ ಪುರುಸೊತ್ತು? ಮೌನವೇ ಸಮ್ಮತಿ ಎಂದುಕೊಂಡು ಆರು ವರ್ಷ ನಡೆದಿತ್ತು.

ಆ ತಿಂಗಳ ಮೂರನೇ ತಾರೀಖು ಫೋನು ಬಂತು.

“ಪಟ್ಟಿಯಕ್ಕ ಅನ್ನೋರು ನೀವೇನಾ ತಾಯಿ? ನಾನು ಕುರುಡು ಮಕ್ಕಳ ಶಾಲೆ ಮೇಷ್ಟ್ರು. ನಮ್ಮ ಬಾಗಿಲು ನಿಮ್ಮ ಪಟ್ಟಿಗೆ ಹೆಂಗೆ ಬಂತು?”

“ಕಾಗದ ಹಾಕಿದ್ದೆ ಮೇಷ್ಟ್ರೇ. ನೀವು ಬೇಡ ಅನ್ನಲಿಲ್ಲ.”

“ಹೆಂಗೆ ಅನ್ಲಿ? ನನಗೂ ಕಣ್ಣು ಕಾಣಲ್ಲ. ಕಾಗದ ಓದಿ ಹೇಳೋ ಪೆಟ್ಟಿಗೆ ಮೂರು ವಾರದಿಂದ ರಿಪೇರಿಗೆ ಹೋಗಿತ್ತು. ನಿನ್ನೆ ಬಂತು. ಅದು ಮೊದಲು ಓದಿದ್ದೇ ನಿಮ್ಮ ಕಾಗದ.”

ಮೇಷ್ಟ್ರು ಬೈಯಲಿಲ್ಲ, ಇದ್ದದ್ದು ಹೇಳಿದರು. ಮಕ್ಕಳು ಬೆರಳಿನಿಂದ ಓದುವ ಚುಕ್ಕಿ ಅಕ್ಷರಕ್ಕೆ ಅವರು ಪಾಠಗಳನ್ನು ಜೋಡಿಸಿಡುತ್ತಿದ್ದರು. ಬೇರೆ ನಾಲ್ಕು ಶಾಲೆಗಳ ಯಂತ್ರಗಳು ಆ ಬಾಗಿಲಿನಿಂದಲೇ ಪಾಠ ಇಳಿಸಿಕೊಂಡು ಅಚ್ಚು ಹಾಕಬೇಕು. ಒಮ್ಮೆಗೆ ಒಳಗೆ ಹಿಡಿಸುವುದು ನಾಲ್ಕೇ ಜನ. ಈಗ ಎರಡು ದಿನದಿಂದ ಜಾಗವೇ ಖಾಲಿಯಿಲ್ಲ. ಪರೀಕ್ಷೆಗೆ ಹತ್ತು ದಿನ.

ಜನ ಮುಗಿಬಿದ್ದದ್ದು ಪಾಠಕ್ಕಲ್ಲ. ಮಕ್ಕಳಿಗೆಂದು ಮೇಷ್ಟ್ರು ಒಂದು ಆಟವನ್ನೂ ಇಟ್ಟಿದ್ದರು. ಅದನ್ನು ಕಂಡು ಹಿಗ್ಗಿದ ಪಟ್ಟಿಯಕ್ಕ ತನ್ನ ಸಾಲಿನಲ್ಲಿ ‘ಮಾತಾಡುವ ಚದುರಂಗ ಇದೆ, ಬಿಡಬೇಡಿ!’ ಎಂದು ಬರೆದಿದ್ದಳು. ಮಿಕ್ಕ ಏಳುನೂರರಲ್ಲಿ ಒಂದಕ್ಕೂ ಆಕೆ ಹಾಗೆ ಬರೆದವಳಲ್ಲ.

“ಆಟ ಅಳಿಸಿಬಿಡಿ ಮೇಷ್ಟ್ರೇ.”

“ಅಳಿಸಿದೆ ತಾಯಿ. ಎಲ್ಲಿದೆ ಅಂತ ಹುಡುಕ್ಕೊಂಡು ಇನ್ನೂ ಜಾಸ್ತಿ ಹೊತ್ತು ಕೂತಿರ್ತಾರೆ. ಒಬ್ಬನ್ನ ಆಚೆ ತಳ್ಳಿದ್ರೆ ಇಬ್ಬರು ಹೊಸ್ತಿಲಲ್ಲಿ.”

“ಬಾಗಿಲಿಗೊಂದು ಗುಟ್ಟಿನ ಪದ ಇಟ್ರೆ?”

“ಇಟ್ರೆ ಆ ನಾಲ್ಕು ಶಾಲೆಯೋರೂ ಆಚೆನೇ. ಅಲ್ಲೆಲ್ಲ ತಾನಾಗೇ ಇಳಿಯೋ ಹಾಗೆ ಒಬ್ಬ ಪುಣ್ಯಾತ್ಮ ಮಾಡಿಕೊಟ್ಟು ಹೋದ. ಅದನ್ನ ಬದಲಾಯಿಸೋದು ಅಲ್ಲಿ ಯಾರಿಗೂ ಬರಲ್ಲ.”

ಪಟ್ಟಿಯಕ್ಕ ಅಂದೇ ಆ ಸಾಲು ಹೊಡೆದುಹಾಕಿದಳು. ಪ್ರಯೋಜನವೇನು? ಹಳೆಯ ಪಟ್ಟಿ ಆಗಲೇ ಸಾವಿರಾರು ಯಂತ್ರಗಳಲ್ಲಿ ಕೂತಿತ್ತು. ಆಗ ಆಕೆ ಮತ್ತೊಂದು ಕಾಗದ ಬರೆದು ಎಲ್ಲ ಗುಂಪುಗಳಿಗೂ ಹಾಕಿದಳು: ‘ದಯವಿಟ್ಟು ಈ ಬಾಗಿಲಿಗೆ ಯಾರೂ ಹೋಗಬೇಡಿ.’ ಯಾವ ಬಾಗಿಲೆಂದು ತಿಳಿಯಬೇಕಲ್ಲ, ವಿಳಾಸವನ್ನೂ ಕೊಟ್ಟಳು. ಜನ ತಣ್ಣಗಾಗಲೆಂದು ನಾಲ್ಕು ದಿನ ಕಾದಳು. ಪಟ್ಟಿಯನ್ನೇ ನೋಡದವರೂ ಹೋಗಿ ಬಾಗಿಲು ತಟ್ಟಿದರು.

ಊಟ ಬಡಿಸುತ್ತಿದ್ದ ಗಂಡ ಕೇಳಿ ನಕ್ಕ. “ಒಲೆ ಪಕ್ಕ ಹಾಲಿಟ್ಟಿದೀನಿ, ಕುಡೀಬೇಡ ಅಂತ ಬೆಕ್ಕಿಗೆ ಚೀಟಿ ಬರೆದಂಗಾಯ್ತು ಕಣೇ.”

“ನಗಬೇಡಿ. ಮಕ್ಕಳ ಪರೀಕ್ಷೆ ರೀ.”

ಅವನು ಸೌಟು ಕೆಳಗಿಟ್ಟ. “ಅಲ್ಲಾ, ಬಾಗಿಲು ಬಿಟ್ರೆ ಬೇರೆ ದಾರಿನೇ ಇಲ್ವಾ? ಬಸ್ಸು ಅಂತ ಒಂದಿದೆ, ಮರೆತೇಬಿಟ್ಯಾ?”

ಮರೆತೇಬಿಟ್ಟಿದ್ದಳು. ದಿನಕ್ಕೆ ನೂರು ಬಾಗಿಲು ತಟ್ಟುವವಳಿಗೆ ಒಂದಕ್ಕಾದರೂ ನಡೆದು ಹೋಗಬಹುದೆಂದು ಹೊಳೆದಿರಲಿಲ್ಲ. ಮರುದಿನ ಬೆಳಗಿನ ಬಸ್ಸಿಗೆ ಎರಡು ಡಬ್ಬಿ ಫ್ಲಾಪಿ ಹಿಡಿದು ಹೊರಟಳು.

ಮೇಷ್ಟ್ರ ಕೋಣೆಯಲ್ಲಿ ದೀಪವಿರಲಿಲ್ಲ. ಅವರಿಗೆ ಅದರ ಅಗತ್ಯವಿರಲಿಲ್ಲ. ಯಂತ್ರವೊಂದು ಸಣ್ಣಗೆ ಕೆರೆಯುತ್ತಿತ್ತು. “ಕೇಳಿಸ್ತಾ? ನಿಮ್ಮ ನೆಂಟರು,” ಎಂದರು. ಆಕೆಗೆ ನಗಲಾಗಲಿಲ್ಲ. ಇಬ್ಬರೂ ಕೂತು ಸಂಜೆಯವರೆಗೆ ಪಾಠಗಳನ್ನು ಫ್ಲಾಪಿಗಿಳಿಸಿದರು. ಮುಂದಿನ ಎರಡು ದಿನದಲ್ಲಿ ಆಕೆ ಮೂರು ಶಾಲೆಗಳಿಗೆ ಕೈಯಾರೆ ಮುಟ್ಟಿಸಿದಳು. ನಾಲ್ಕನೆಯದು ಎರಡು ಹಗಲು ರೈಲಿನ ದೂರ. ಅದಕ್ಕೆ ಅಂಚೆಯಲ್ಲೇ ಕಳಿಸಬೇಕಾಯಿತು.

ಪರೀಕ್ಷೆ ಮುಗಿದ ಮರುದಿನ ಆ ಶಾಲೆಯ ದೊಡ್ಡ ಮೇಡಮ್ಮಿಗೆ ತಾನೇ ಫೋನು ಮಾಡಿದಳು.

“ಬಂತಮ್ಮ, ಪರೀಕ್ಷೆ ದಿನ ಮಧ್ಯಾಹ್ನ ಬಂತು. ಒಂದು ನಾಲ್ಕು ದಿನ ಮುಂಚೆ ಬಂದಿದ್ರೆ ಅಚ್ಚು ಹಾಕ್ತಿದ್ವಿ. ಕೊನೇ ಎರಡು ಪಾಠ ಬಾಯಲ್ಲೇ ಓದಿ ಹೇಳಿದ್ವಿ, ಎಷ್ಟು ನೆನಪಿತ್ತೋ ಅಷ್ಟು ಬರೆದ್ರು.”

ನಾಲ್ಕು ದಿನ. ತಾನು ಬೇಡಬೇಡವೆಂದು ಕಾಗದ ಹಾಕಿ ಕಾದ ನಾಲ್ಕು ದಿನ.

“ಎಷ್ಟು ಮಕ್ಕಳು ಮೇಡಮ್?”

“ಹನ್ನೊಂದು. ಹೋಗ್ಲಿ ಬಿಡಿ, ನೀವೇನು ಬೇಕು ಅಂತ ಮಾಡಿದ್ರಾ? ಮುಂದಿನ ಪರೀಕ್ಷೆ ಹೊತ್ತಿಗೆ ಬಾಗಿಲು ಸರಿಹೋಗುತ್ತೆ ತಾನೇ?”

ಸರಿಹೋಗುತ್ತೆ ಎಂಬ ಮಾತು ತುಟಿಗೆ ಬಂದಿತ್ತು. ಎದುರಿಗೆ ತೆರೆಯ ಮೇಲೆ ಮುಂದಿನ ತಿಂಗಳ ಪಟ್ಟಿ ಬಿಚ್ಚಿಕೊಂಡಿತ್ತು. ಬೆಳಗಿನಿಂದ ಆಕೆ, ಇಷ್ಟು ವರ್ಷಗಳಲ್ಲಿ ಹೌದೆಂದು ಉತ್ತರ ಕೊಟ್ಟಿದ್ದ ಕೆಲವರನ್ನಷ್ಟೇ ಉಳಿಸಿ ಮಿಕ್ಕವರನ್ನು ಅಳಿಸುತ್ತಿದ್ದಳು. ಇನ್ನೂರೂ ಉಳಿಯುವಂತಿರಲಿಲ್ಲ. ಅಳಿಸಿದ ಐನೂರು ಬಾಗಿಲುಗಳ ಹಿಂದೆ ಯಾರು ಯಾರಿದ್ದರೋ.

“ನನ್ನ ಕೈಲಿಲ್ಲ ಮೇಡಮ್,” ಎಂದಳು. “ಆ ಹಳೇ ಪಟ್ಟಿ ಎಲ್ಲೆಲ್ಲಿದೆ ಅಂತ ನನಗೂ ಗೊತ್ತಿಲ್ಲ. ನಿಮ್ಮ ವಿಳಾಸ ಇದೆ. ಮುಂದಿನ ಸಲ ನಾನೇ ತಂದುಕೊಡ್ತೀನಿ.”

“ಇಷ್ಟು ದೂರಾನಾ?”

“ಬರ್ತೀನಿ. ಪಾಠ ಯಾವತ್ತು ಬೇಕು, ತಾರೀಖು ಹೇಳಿ,” ಎಂದು ಪೆನ್ನು ಹುಡುಕಿದಳು.