ಸೀಲು ಒಡೆಯದ ಪೆಟ್ಟಿಗೆ

ಗ್ರಾಹಕರು ವಾಪಸು ಕಳಿಸಿದ ಪೆಟ್ಟಿಗೆಗಳನ್ನು ಪರೀಕ್ಷಿಸುವುದು ನನ್ನ ಕೆಲಸ. ಆನ್‌ಲೈನಿನಲ್ಲಿ ಕಂಪ್ಯೂಟರ್ ಬಿಡಿಭಾಗ ಮಾರುವ ಕಂಪನಿಯ ಗೋದಾಮು, ಕಿಟಕಿಯಿಲ್ಲದ ಕೋಣೆ, ಎಂಟು ಮೇಜು, ಮೇಜಿಗೊಂದು ತಕ್ಕಡಿ. ಏಳು ವರ್ಷದಲ್ಲಿ ನಾನು ನೋಡದ ಮೋಸವಿಲ್ಲ. ಮೆಮೊರಿ ಇರಬೇಕಾದಲ್ಲಿ ರಟ್ಟಿನ ತುಂಡು ಇಟ್ಟವರು, ಹೊಸ ಡಿಸ್ಕಿನ ಲೇಬಲ್ಲು ಕಿತ್ತು ಕೆಟ್ಟ ಡಿಸ್ಕಿಗೆ ಅಂಟಿಸಿದವರು, ಎಲ್ಲರನ್ನೂ ಹಿಡಿದಿದ್ದೇನೆ. "ನಮಗೆ ಬಂದಿದ್ದೇ ಹೀಗೆ ಮೇಡಂ" ಎಂದು ಗೋಳಿಡುವವರ ಅರ್ಜಿಯ ಮೇಲೆ "ಗ್ರಾಹಕರೇ ಬದಲಿಸಿದ್ದಾರೆ" ಎಂದು ಬರೆಯಲು ನಾನು ಒಮ್ಮೆಯೂ ಹಿಂದೆಮುಂದೆ ನೋಡಿದ್ದಿಲ್ಲ. ಹೊರಗೂ ಅದೇ ಜಂಬ. ತರಕಾರಿಯವನ ತೂಕವನ್ನೂ ನಂಬದ ಹೆಂಗಸು ನಾನು.

ಹೋದ ಭಾನುವಾರ ತಮ್ಮ ಫೋನ್ ಮಾಡಿ, "ಅಕ್ಕ, ಒಂದ್ಸಲ ಬಂದುಹೋಗು" ಎಂದ. ಅವನು ಮನೆಯಲ್ಲೇ ಕೂತು ಸಾಕ್ಷ್ಯಚಿತ್ರಗಳಿಗೆ ಧ್ವನಿ ಜೋಡಿಸುವವನು. ಹಳೇ ಕಂಪ್ಯೂಟರ್ ಏದುಸಿರು ಬಿಡುತ್ತಿದೆ ಎಂದು ನಮ್ಮ ಕಂಪನಿಯಿಂದಲೇ ಹೊಸ ಪ್ರೊಸೆಸರ್ ತರಿಸಿದ್ದ. ಅದು ಜಾಗದಲ್ಲಿ ಕೂರುತ್ತಲೇ ಇರಲಿಲ್ಲ. ಕೈಗೆತ್ತಿಕೊಂಡು ಮಗುಚಿ ನೋಡಿದೆ. ಆ ಮಾದರಿಯ ಅಡಿಯಲ್ಲಿ ಚಪ್ಪಟೆ ಚಿನ್ನದ ಚುಕ್ಕೆಗಳಿರಬೇಕು. ಇದಕ್ಕೆ ಸೂಜಿಯಂಥ ಕಾಲುಗಳಿದ್ದವು. ಅಜ್ಜನ ಕಾಲದ ಚಿಪ್ಪಿನ ನೆತ್ತಿ ಉಜ್ಜಿ, ಹೊಸ ಹೆಸರು ಅಚ್ಚು ಹಾಕಿದ್ದರು.

"ಪೆಟ್ಟಿಗೆ ಬಿಚ್ಚುವಾಗ ವಿಡಿಯೋ ಮಾಡ್ಲಿಲ್ವೇನೋ? ಎಷ್ಟು ಸಲ ಬಡ್ಕೊಂಡಿದೀನಿ!"

"ನಿಮ್ಮ ಕಂಪನಿದೇ ಅಲ್ವಾ ಅಂತ ಬಿಟ್ಟೆ ಅಕ್ಕ. ದುಡ್ಡು ಹೋದ್ರೆ ಹೋಗ್ಲಿ. ಫೋಟೋ ಹಾಕಿ ದೂರು ಕೊಟ್ಟಿದ್ದಕ್ಕೆ ಏನು ಬರೆದಿದಾರೆ ನೋಡು."

ಫೋನ್ ಮುಂದೆ ಹಿಡಿದ. ಗ್ರಾಹಕರೇ ಬದಲಿಸಿದ್ದಾರೆ. ಖಾತೆ ಮುಚ್ಚಲಾಗಿದೆ.

"ನಾನು ಕಳ್ಳ ಅಂತೆ" ಎಂದು ಫೋನನ್ನು ಮಗುಚಿಟ್ಟ. ಚಿಕ್ಕವನಿದ್ದಾಗ ಪಕ್ಕದ ಮನೆಯ ಚೆಂಡು ಸಿಕ್ಕರೂ ಓಡಿಹೋಗಿ ಕೊಟ್ಟು ಬರುತ್ತಿದ್ದ ಹುಡುಗ. ನನಗೆ ಮೈಯೆಲ್ಲ ಉರಿಯಿತು. ಇದನ್ನು ಪಾಸು ಮಾಡಿದವರ ಜನ್ಮ ಜಾಲಾಡುತ್ತೇನೆ ಎಂದು ಪೆಟ್ಟಿಗೆಯ ಸಂಖ್ಯೆ ಬರೆದುಕೊಂಡು ಬಂದೆ.

ಸೋಮವಾರ ಹೋದವಳೇ ದಾಖಲೆ ತೆಗೆದೆ. ಆ ಪೆಟ್ಟಿಗೆ ಮೊದಲು ಬೇರೆ ಯಾರಿಗೋ ಹೋಗಿ, ವಾಪಸು ಬಂದು, ಮತ್ತೆ ಹೊಸ ಮಾಲಿನ ಜೊತೆ ಸೇರಿತ್ತು. "ಸೀಲು ಸರಿ, ತೂಕ ಸರಿ." ಪರೀಕ್ಷಿಸಿದವರು ಎಂಬಲ್ಲಿ ನನ್ನ ಹೆಸರಿತ್ತು.

ಇದ್ದದ್ದು ಇದ್ದಹಾಗೆ ಹೇಳಿಬಿಡುತ್ತೇನೆ. ಸೀಲು ಒಡೆಯದ ಪೆಟ್ಟಿಗೆಯನ್ನು ನಾವು ಯಾರೂ ತೆರೆಯುವುದಿಲ್ಲ. ತೆರೆದರೆ ಹೊಸದೆಂದು ಮಾರಲು ಬರುವುದಿಲ್ಲ. ತಕ್ಕಡಿಯ ಮೇಲಿಟ್ಟು ಮುಂದೆ ತಳ್ಳುತ್ತೇವೆ. ಪ್ಲಾಸ್ಟಿಕ್ ಹೊದಿಕೆಯನ್ನು ಬಿಸಿಗಾಳಿ ಹಾಯಿಸಿ ಮನೆಯಲ್ಲೇ ಮತ್ತೆ ಅಂಟಿಸಬಹುದು ಎಂಬುದು ನಮಗೆ ಗೊತ್ತಿಲ್ಲದ್ದೇನಲ್ಲ.

ಮೇಲ್ವಿಚಾರಕರ ಮುಂದೆ ಹೋಗಿ ನಿಂತು, ತಮ್ಮನ ವಿಷಯವನ್ನೂ ಸೇರಿಸಿ ಎಲ್ಲ ಹೇಳಿದೆ. ಅವರು ಎದ್ದು ಬಾಗಿಲು ಮುಂದೆ ಮಾಡಿದರು.

"ತೆರೀಬೇಡಿ ಅಂತ ನಾನು ಬಾಯಲ್ಲಿ ಹೇಳಿದ್ದು ಅಷ್ಟೇ. ಕಾಗದದಲ್ಲಿ ಪ್ರತಿಯೊಂದನ್ನೂ ತೆರೆದು ನೋಡ್ಬೇಕು ಅಂತಿದೆ. ನೋಡದೆ ಬಿಟ್ಟೆ ಅಂತ ನೀವು ಬರ್ಕೊಡಿ, ನಿಮ್ಮ ತಮ್ಮನ ಮೇಲಿನ ಮಾತು ಇವತ್ತೇ ಅಳಿಸ್ತೀನಿ. ಆದ್ರೆ ನಾಳೆಯಿಂದ ನಿಮ್ಮ ಮೇಜಿಗೆ ಬೇರೆಯವರು ಬರ್ತಾರೆ."

ಬಿಳಿ ಹಾಳೆ ಮುಂದಿಟ್ಟರು. ಪೆನ್ನು ಹಿಡಿದೆ. ಮನೆ ನಡೆಯುವುದು ನನ್ನ ಸಂಬಳದಲ್ಲೇ, ಅದು ನಿಜ. ಆದರೆ ಕೈ ತಡೆದದ್ದು ಅದೊಂದೇ ಅಲ್ಲ. ಗೋಳಿಟ್ಟ ಆ ಮಂದಿಯಲ್ಲಿ ಎಷ್ಟು ಜನ ನಿಜ ಹೇಳಿದ್ದರೋ! ಈ ಒಂದು ಸಾಲು ಬರೆದರೆ ಅವರೆಲ್ಲರ ಮುಂದೆ ನಾನು ಕಳ್ಳಿ. ನನಗೆ ಭಯವಾಯಿತು.

"ಯೋಚನೆ ಮಾಡಿ ಹೇಳ್ತೀನಿ ಸಾರ್" ಎಂದು ಮೇಜಿಗೆ ಮರಳಿದೆ. ಮುಂದಿನ ಪೆಟ್ಟಿಗೆಯ ಸೀಲು ಒಡೆದಿರಲಿಲ್ಲ. ತೂಕ ನೋಡಿ ಮುಂದೆ ತಳ್ಳಿದೆ.

ಸಂಜೆ ತಮ್ಮನ ಮನೆಗೆ ಹೋದಾಗ ಅವನು ಬಾಗಿಲಲ್ಲೇ ಕಾದಿದ್ದ.

"ಯಾರಂತೆ ಅಕ್ಕ, ಪಾಸು ಮಾಡಿದ್ದು?"

"ಗೊತ್ತಾಗ್ಲಿಲ್ಲ ಕಣೋ."

ಅವನು ನನ್ನ ಕೈಯಿಂದ ಚೀಲ ತೆಗೆದುಕೊಂಡ, ಕುರ್ಚಿ ಎಳೆದು ಹಾಕಿದ. ನನಗೇ ಸಮಾಧಾನ ಹೇಳುವವನಂತೆ ನಕ್ಕ.

"ಹೋಗ್ಲಿ ಬಿಡು, ನೀನ್ಯಾಕೆ ಮುಖ ಸಪ್ಪೆ ಮಾಡ್ಕೋತೀಯ? ನಿನ್ನ ಮೇಜಿಗೆ ಬಂದಿದ್ರೆ ಹಿಡಿದುಬಿಡ್ತಿದ್ದೆ. ನನ್ನ ಹಣೆಬರಹ, ಇನ್ಯಾರದೋ ಕೈಗೆ ಸಿಕ್ತು."

ನಾನು ಹೂಂ ಎಂದೆ.